ಹಾರ್ನಿನ ಶ್ರುತಿ

ಕುರುಗೋಡಿನಲ್ಲಿ ನಮ್ಮ ನಾಟಕದ ಟೆಂಟಿನ ಪಕ್ಕ ಅದಿರಿನ ಲಾರಿಯೊಂದು ಕೆಟ್ಟು ನಿಂತಿತು. ಹಾರ್ನ್ ಜಾಮಾಗಿ ಒಂದೇ ಸಮನೆ ಕೂಗತೊಡಗಿತು. ನಾಟಕ ನೋಡುತ್ತಿದ್ದ ಜನ ಏಳತೊಡಗಿದರು. ಶಹೀದಾ ಅಂದೇ ಮೊದಲ ಸಲ ನಾಯಕಿ. ಹಾಡು ಕೆಟ್ಟರೆ ಪಾರ್ಟು ಬೇರೆಯವಳಿಗೆ ಎಂದು ಕಂಪನಿ ಮಾಲೀಕ ಮೊದಲೇ ಹೇಳಿದ್ದ. ನಾನು ಯಾವ ನಾಟಕ ಕಂಪನಿ ಕರೆದರೂ ಹೋಗಿ ವಯೋಲಾ ನುಡಿಸುವವನು. ವಯೋಲಾ ಎಂದರೆ ಪಿಟೀಲಿನ ಅಣ್ಣ, ದನಿ ದಪ್ಪ.

ಶಹೀದಾ ರಂಗದ ಅಂಚಿಗೆ ಬಂದು ನನ್ನತ್ತ ಬಗ್ಗಿದಳು.

“ಕಾಕಾ, ಹಾರ್ನಿಗೇ ಶ್ರುತಿ ಮಾಡ್ರಿ.”

“ಹುಚ್ಚು ಹಿಡದೈತೇನವ್ವ?”

“ಅದೂ ನಿಲ್ಲಂಗಿಲ್ಲ, ನಾನೂ ನಿಲ್ಲಂಗಿಲ್ಲ.”

ಹಾರ್ನಿನ ಆ ಸ್ವರ ಹಾರ್ಮೋನಿಯಂನ ಯಾವ ಮನೆಯಲ್ಲೂ ಇರಲಿಲ್ಲ. ಅದನ್ನು ನುಡಿಸುವ ಮಾಸ್ತರರು ಕೈಕಟ್ಟಿ ಕುಳಿತರು. ನಾನು ವಯೋಲಾದ ಬಿರಟೆ ತಿರುವಿ ತಂತಿಯನ್ನು ಹಾರ್ನಿನ ಸ್ವರಕ್ಕೆ ಕೂಡಿಸಿದೆ. ಅವಳು ಹಾರ್ನನ್ನೇ ತಂಬೂರಿ ಮಾಡಿಕೊಂಡು ಹಾಡಿದಳು. ಎದ್ದವರು ಕುಳಿತರು. ಅಂಥ ಎದೆಗಾರಿಕೆ ನಾನು ಮತ್ತೆ ನೋಡಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಡ್ರೈವರ್ ಹಾರ್ನಿನ ವೈರು ಕಿತ್ತ. ಜನ “ವನ್ಸ್ ಮೋರ್” ಎಂದು ಕೂಗಿದರು. ಅವನು ವೈರು ಮತ್ತೆ ಕೂಡಿಸಿದ.