ಗುಡ್ಡಪ್ಪನ ಹೆಸರಿನಲ್ಲಿ ತಿರುಗುವ ಗಾಲಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹುಣಸೆಮರದ ಕೆಳಗೆ ಗಾದಿಲಿಂಗಪ್ಪ ತಗಡಿನ ಬೋಗುಣಿಗೆ ನೀರು ಸುರಿದುಕೊಂಡು ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ. ಗಾಳಿ ತುಂಬಿದ ಟ್ಯೂಬನ್ನು ಗೇಣುಗೇಣಾಗಿ ನೀರಿನಲ್ಲಿ ಅದ್ದುತ್ತಾ ಹೋಗುತ್ತಾನೆ. ಒಂದೆಡೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳುತ್ತವೆ. ಅಲ್ಲಿಗೆ ಹೆಬ್ಬೆರಳು ಒತ್ತಿ ಹಿಡಿದು ತಲೆಯೆತ್ತುತ್ತಾನೆ. ಎದುರಿಗೆ ಪಾಪಿನಾಯಕನಹಳ್ಳಿಯ ಹಾಲಿನವನು ಎರಡು ಕ್ಯಾನು ಇಳಿಸಿಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದಾನೆ.

"ಯಣ್ಣಾ, ಜಲ್ದಿ ಮಾಡಪಾ. ಹಾಲು ಒಡೀತಾವು."

"ಒಡಿಯಂಗಿಲ್ಲ. ಆ ಡಬ್ಬಿ ಮ್ಯಾಲೆ ಕುಂದ್ರು. ನಿಂತ್ರ ನನ್ನ ಕೈ ಓಡಂಗಿಲ್ಲ."

ತೇಪೆ ಹಚ್ಚಿ, ಗಾಲಿ ಏರಿಸಿ, ಪಾನಾದಿಂದ ನಟ್ಟು ಬಿಗಿದ ಮೇಲೆ ಗಾದಿಲಿಂಗಪ್ಪ ಆ ಪಾನಾವನ್ನು ಹಾಲಿನವನ ಕೈಗೇ ಕೊಡುತ್ತಾನೆ. "ನೀನ ಒಂದು ಸಲ ಜಗ್ಗಿ ನೋಡು." ಹಾಲಿನವನಿಗೆ ಇದು ರೂಢಿ. ಎರಡೂ ಕಡೆಯ ನಟ್ಟನ್ನು ಜಗ್ಗಿ ನೋಡಿ, "ಬಿಗಿ ಐತಿ" ಎಂದು ಬಾಯಿಬಿಟ್ಟು ಹೇಳಿ, ಕ್ಯಾನು ತೂಗುಹಾಕಿಕೊಂಡು ಹೊರಡುತ್ತಾನೆ. ಬಾಯಿಬಿಟ್ಟು ಹೇಳದೆ ಯಾರ ಸೈಕಲ್ಲೂ ಈ ಮರದ ನೆರಳು ದಾಟುವುದಿಲ್ಲ.

ನಾನು ಇವನ ಬಳಿಗೆ ಬಂದದ್ದು ಲೇಖನ ಬರೆಯಲು ಅಲ್ಲ. ಬಜಾರಿನ ಮರುಳಸಿದ್ದಪ್ಪನವರ ದೊಡ್ಡ ಸೈಕಲ್ ಅಂಗಡಿಯಲ್ಲಿ ನನ್ನ ಸೈಕಲ್ ಆರು ದಿನ ಬಿದ್ದಿತ್ತು. ದಿನವೂ ಹೋಗುತ್ತಿದ್ದೆ, ದಿನವೂ "ನಾಳೆ ಬರ್ರಿ" ಎನ್ನುತ್ತಿದ್ದರು. ಗಾಜಿನ ಬೀರು, ಸಾಲಾಗಿ ನಿಂತ ಹೊಸ ಸೈಕಲ್ಲುಗಳು, ಕೋಟು ತೊಟ್ಟವರಿಗೆ ಬೆಂಚು, ಧೋತರದವರಿಗೆ ಬಿಸಿಲು. ಬಂಡ್ರಿಯಿಂದ ಬಂದಿದ್ದ ಮುದುಕನೊಬ್ಬ ನನ್ನ ಕಣ್ಣೆದುರಿಗೇ ಒಂದು ಗಂಟೆ ನಿಂತ. ಏನು ಬೇಕು ಎಂದು ಯಾರೂ ಕೇಳಲಿಲ್ಲ. ಏಳನೆಯ ದಿನ ಸೈಕಲ್ಲನ್ನು ಹಾಗೆಯೇ ತಳ್ಳಿಕೊಂಡು ಹೊರಬಿದ್ದಾಗ ದಾರಿಯಲ್ಲಿ ಯಾರೋ ಈ ಮರ ತೋರಿಸಿದರು. ಗಾದಿಲಿಂಗಪ್ಪ ಗಾಲಿಯನ್ನು ಒಮ್ಮೆ ತಿರುಗಿಸಿ, "ಇದನ್ನ ಆರು ದಿನ ಇಟ್ಕೊಂಡಿದ್ರಾ?" ಎಂದ. ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟ. ಆಮೇಲೆ ಕೇಳಿದ: "ಅಂಗಡ್ಯಾಗ ಗುಡ್ಡಪ್ಪ ಇದ್ನಾ? ಹೆಂಗ ಕಾಣ್ತಾನ?"

ಅವನ ಕಥೆ ಶುರುವಾಗುವುದೇ ಆ ಹೆಸರಿನಿಂದ.

ಗಾದಿಲಿಂಗಪ್ಪ ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಕಬ್ಬಿನ ಬಂಡಿ ಹೊಡೆಯುತ್ತಿದ್ದ. ಹದಿನಾರನೆಯ ವಯಸ್ಸಿಗೆ ಮರುಳಸಿದ್ದಪ್ಪನವರ ಅಂಗಡಿ ಸೇರಿದ. ಆಗ ಊರಿನಲ್ಲಿ ಸೈಕಲ್ಲುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತಂತೆ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಲಸ. ಅಲ್ಲಿಯೇ ಅವನಿಗೆ ಗಾಲಿಯ ಬೆಂಡು ತೆಗೆಯುವ ವಿದ್ಯೆ ಕೈಹತ್ತಿತು. ಸೊಟ್ಟಗಾದ ಗಾಲಿಯನ್ನು ಒಂದೊಂದೇ ಕಡ್ಡಿ ಬಿಗಿದು, ಸಡಿಲಿಸಿ, ಕೂದಲೆಳೆಯಷ್ಟೂ ಓಲಾಡದಂತೆ ನೇರ ಮಾಡುವ ಕೆಲಸವಿದು. ಅವಸರ ಮಾಡಿದರೆ ಕೆಡುತ್ತದೆ.

ಆರು ವರ್ಷದ ಮೇಲೆ ಗುಡ್ಡಪ್ಪ ಬಂದ. ಎತ್ತರದ ಆಳು, ನಗುಮುಖ, ನಾಲ್ಕಾರು ಇಂಗ್ಲಿಷ್ ಮಾತು ಬಲ್ಲವನು. ಸಾಹುಕಾರರು ಅವನನ್ನು ಮುಂದೆ ಕೂಡಿಸಿದರು. ಸೈಕಲ್ ಇಸಿದುಕೊಳ್ಳುವವನು ಅವನು, ತಿರುಗಿ ಕೊಡುವವನೂ ಅವನೇ. ನಡುವಿನ ಕೆಲಸ ಹಿಂದಿನ ಕೋಣೆಯದು. ಗಿರಾಕಿಗಳು ಗಾಲಿ ತಿರುಗಿಸಿ ನೋಡಿ, "ಗುಡ್ಡಪ್ಪನ ಕೈಯಂದ್ರ ಕೈ" ಎಂದು ಹೊಗಳುತ್ತಿದ್ದರು. ಗೋಡೆಯ ಹಿಂದೆ ಗಾದಿಲಿಂಗಪ್ಪ ಕೇಳಿಸಿಕೊಳ್ಳುತ್ತಿದ್ದ.

"ಒಂದು ವರ್ಷ ಕೇಳಿದೆ, ಎರಡು ವರ್ಷ ಕೇಳಿದೆ. ಸಂಡೂರಿನ ಗಣಿ ಕಡಿಯಿಂದ ಒಬ್ರು ಸಾಹೇಬ್ರು ಬಂದಿದ್ರು. ಅವರ ಗಾಲಿ ಎಂಟಿನಂಗ ತಿರುಚಿತ್ರಿ. ಎರಡು ದಿನ ಕುಂತು ನೇರ ಮಾಡಿದೆ. ಅವರು ಖುಷಿಯಾಗಿ ಜರಿ ರುಮಾಲು ತಂದು ಗುಡ್ಡಪ್ಪನ ತಲಿಗೆ ಸುತ್ತಿದ್ರು. ಅಂವಾ ಬ್ಯಾಡ ಅನ್ನಲಿಲ್ಲ. ಹಿಂದ ತಿರುಗಿ ನೋಡ್ಲೂ ಇಲ್ಲ. ಆ ರುಮಾಲು ಕಂಡಾಗೆಲ್ಲ ಹೊಟ್ಯಾಗ ಮೆಣಸಿನಕಾಯಿ ಅರದಂಗ ಆಗ್ತಿತ್ರಿ. ಅವನ ನಗು ಬ್ಯಾಡ, ಅವನ ದನಿ ಬ್ಯಾಡ. ಅಂವಾ ಒಂದು ಸಲ ಎಲ್ಲರ ಮುಂದ ತಪ್ಪು ಮಾಡಿ ಸಿಗ್ಲಿ ಅಂತ ಕಾಯಾಕತ್ತಿದೆ."

ಮನೆಯಲ್ಲೂ ಇದೇ ಮಾತು. ಅವನ ಹೆಂಡತಿ ಪಂಪಮ್ಮ ನನಗೆ ನೀರು ಕೊಡುತ್ತಾ ಹೇಳುತ್ತಾಳೆ: "ಉಣ್ಣಾಕ ಕುಂತ್ರ ಗುಡ್ಡಪ್ಪ, ಎದ್ರ ಗುಡ್ಡಪ್ಪ. ಸವತಿ ತಂದಿದ್ರೂ ನಮ್ಮ ಮನ್ಯಾಗ ಅಕಿ ಮಾತು ಇಷ್ಟು ಬರ್ತಿರಲಿಲ್ಲ ಬಿಡ್ರಿ."

ಕಾಯುತ್ತಿದ್ದ ದಿನ ಬಂದೇ ಬಂತು. ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮುಂಚಿನ ಮಾತು. ಕೊಟ್ರಯ್ಯ ಮೇಷ್ಟ್ರು ಹೊಸಪೇಟೆಯಲ್ಲಿದ್ದುಕೊಂಡು ದಿನವೂ ಸೈಕಲ್ಲಿನಲ್ಲಿ ಪಾಪಿನಾಯಕನಹಳ್ಳಿಯ ಶಾಲೆಗೆ ಹೋಗಿಬರುತ್ತಿದ್ದರು. ಅವರ ಸೈಕಲ್ ನಾಲ್ಕು ದಿನದಿಂದ ಅಂಗಡಿಯಲ್ಲಿತ್ತು. ಐದನೆಯ ಬೆಳಗ್ಗೆ ಅವರು ಬಂದು ಅಂಗಲಾಚಿದರು. ಅಂದು ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಗುಡ್ಡಪ್ಪ ಗೊಣಗುತ್ತಲೇ ಮುಂದಿನ ಗಾಲಿ ತಂದು ಏರಿಸತೊಡಗಿದ. ನಟ್ಟನ್ನು ಕೈಬೆರಳಿನಲ್ಲಿ ತಿರುಗಿಸಿ ಕೂಡಿಸಿದ. ಪಾನಾ ಎತ್ತಿಕೊಳ್ಳುವಷ್ಟರಲ್ಲಿ ಹೊಸ ಸೈಕಲ್ ಕೊಳ್ಳಲು ದೊಡ್ಡ ಮನುಷ್ಯರೊಬ್ಬರು ಮೆಟ್ಟಿಲು ಹತ್ತಿದರು. ಗುಡ್ಡಪ್ಪ ಪಾನಾ ಕೆಳಗಿಟ್ಟು ಅವರಿಗೆ ಬೆಂಚು ಒರೆಸಿದ. ತಿರುಗಿ ಬಂದವನೇ, "ಆತು, ಒಯ್ರಿ ಮೇಷ್ಟ್ರ" ಎಂದ. ನಟ್ಟು ಬಿಗಿಯಲೇ ಇಲ್ಲ.

ಹಿಂದಿನ ಕೋಣೆಯ ಬಾಗಿಲಲ್ಲಿ ಗಾದಿಲಿಂಗಪ್ಪ ನಿಂತಿದ್ದ. ಅವನ ಕೈಯಲ್ಲೂ ಒಂದು ಪಾನಾ ಇತ್ತು.

"ಬಾಯಿ ಬರಲಿಲ್ಲ ಅಂತ ಸುಳ್ಳು ಹೇಳಂಗಿಲ್ರಿ. ನಾಲಿಗಿ ತುದಿಗೆ ಬಂದಿತ್ತು, ನಾನ ನುಂಗಿದೆ. ಬಜಾರ ದಾಟೂದ್ರಾಗ ಗಾಲಿ ಗಡಗಡ ಅಂತೈತಿ, ಮೇಷ್ಟ್ರು ತಿರುಗಿ ಬರ್ತಾರ, ಎಲ್ಲರ ಮುಂದ ಗುಡ್ಡಪ್ಪನ ಮಾನ ಕಳೀತಾರ, ಇಷ್ಟ ನಾ ಅನಕೊಂಡಿದ್ದು. ಒಂದು ತಾಸು ಬಾಗಿಲ ಕಡೀನ ನೋಡಿದೆ. ಅವರು ಬರಲಿಲ್ಲ. ಎರಡನೇ ತಾಸಿಗೆ ಅಂಜಿಕಿ ಶುರುವಾತು."

ಗಾಲಿ ಬಜಾರನ್ನು ದಾಟಿತ್ತು. ಊರ ಹೊರಗಿನ ಕಾಲುವೆ ಸೇತುವೆಯ ಇಳಿಜಾರಿನಲ್ಲಿ ಅದು ಕಳಚಿಕೊಂಡಿತು. ಮೇಷ್ಟ್ರ ಬಲಗೈ ಮಣಿಕಟ್ಟು ಮುರಿಯಿತು, ಎರಡು ಹಲ್ಲು ಹೋದವು. ಬಂಡಿಯವರು ಎತ್ತಿ ತಂದರು.

ಮೂರನೆಯ ದಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮೇಷ್ಟ್ರು ಅಂಗಡಿಗೆ ಬಂದರು. ಜಗಳಕ್ಕಲ್ಲ, ಕೇಳಲು. ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಮರುಳಸಿದ್ದಪ್ಪನವರು ಗದ್ದಿಗೆಯಿಂದಲೇ ಕೂಗಿದರಂತೆ: "ನಿಮಗ ಸೈಕಲ್ ಹೊಡಿಯಾಕ ಬರಂಗಿಲ್ಲ. ಬಿದ್ದು ಬಂದು ನಮ್ಮ ಅಂಗಡಿ ಹೆಸರು ಕೆಡಸ್ತೀರೇನು?" ಗುಡ್ಡಪ್ಪ ಹಂಪಿಯ ಪಂಪಾಪತಿ ದೇವರ ಮೇಲೆ ಆಣೆ ಮಾಡಿದ, ಬಿಗಿದಿದ್ದೆನೆಂದು. ಬೆಂಚಿನ ಮೇಲೆ ಕುಳಿತವರು ನಕ್ಕರು. ಮೇಷ್ಟ್ರಿಗೆ ಹಲ್ಲಿಲ್ಲದ ಬಾಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. ಅದಕ್ಕೂ ನಕ್ಕರು.

ಹದಿನೈದು ವರ್ಷದ ಕೆಲಸದಲ್ಲಿ ಗಾದಿಲಿಂಗಪ್ಪ ಮೊದಲ ಸಲ ಗಿರಾಕಿಗಳ ಎದುರಿಗೆ ಬಂದು ನಿಂತದ್ದು ಆಗ. "ಬಿಗಿದಿಲ್ರಿ. ನಾ ನೋಡೀನಿ."

ಮೇಷ್ಟ್ರು ಇವನ ಕಡೆ ತಿರುಗಿದರು. "ನೋಡಿದ್ಯಾ? ನೋಡಿ ಸುಮ್ಮನ ಇದ್ಯಾ?"

"ಇದ್ದೆ."

"ಯಾಕೋ?"

"ಅವನ ಮ್ಯಾಲಿನ ಹೊಟ್ಟಿಕಿಚ್ಚಿಗೆ, ಮೇಷ್ಟ್ರ."

ಕೊಟ್ರಯ್ಯ ಮೇಷ್ಟ್ರು ಮೆಟ್ಟಿಲಿಳಿದು ಹೋದರು. ಸಾಹುಕಾರರು ಅಂದೇ ಕೆಲಸದಿಂದ ಬಿಡಿಸಿದರು. ಗುಡ್ಡಪ್ಪನನ್ನಲ್ಲ, ಗಾದಿಲಿಂಗಪ್ಪನನ್ನು. "ಅಂಗಡಿ ಮಾತು ಬೀದಿಗೆ ಒಯ್ಯೂ ಆಳು ನನಗ ಬ್ಯಾಡ" ಎಂದರಂತೆ. ಅದನ್ನು ಹೇಳುವಾಗ ಇವತ್ತಿಗೂ ಅವನ ಮುಖ ಬಿಗಿಯುತ್ತದೆ. ಪಾನಾ ಹಿಡಿದ ಕೈ ಸುಮ್ಮನೆ ಗಾಳಿಯಲ್ಲಿ ಒಮ್ಮೆ ತಿರುಗುತ್ತದೆ.

ಹೀಗೆ ಅವನು ಮರದ ಕೆಳಗೆ ಬಂದ. ಒಂದು ಪಂಪು, ಎರಡು ಪಾನಾ, ಒಂದು ಬೋಗುಣಿ. ಮೊದಲ ತಿಂಗಳುಗಳಲ್ಲಿ ಗಾಳಿ ಹೊಡೆಸಿಕೊಳ್ಳುವವರು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಪಂಪಮ್ಮ ಗದ್ದೆಗೆ ಕಳೆ ಕೀಳಲು ಹೋಗಿ ಮನೆ ನಡೆಸಿದಳು. ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಕೊಟ್ರಯ್ಯ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಬಂದು ಎದುರಿಗೆ ನಿಂತರು.

"ಮುಂದಿನ ಗಾಲಿ ಬಿಚ್ಚು. ಮತ್ತ ಹಾಕು. ನನ್ನ ಕಣ್ಣ ಮುಂದ."

ಅವನು ಬಿಚ್ಚಿ ಹಾಕಿದ. ಮೇಷ್ಟ್ರು ಎಡಗೈಯಲ್ಲಿ ಪಾನಾ ಇಸಿದುಕೊಂಡು ತಾವೇ ಜಗ್ಗಿ ನೋಡಿದರು. "ಬಿಗಿ ಐತಿ" ಎಂದರು. ಹೋದರು. ಅಂದಿನಿಂದ ಪಾನಾ ಗಿರಾಕಿಯ ಕೈಗೆ ಹೋಗುತ್ತದೆ.

ಆ ಮೇಷ್ಟ್ರನ್ನು ನಾನು ಮರದ ಕೆಳಗೇ ಕಂಡೆ. ಬಲಗೈ ಇನ್ನೂ ಸೊಟ್ಟ. ಕರಿಹಲಗೆಯ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾರೆ. ಗಾದಿಲಿಂಗಪ್ಪನನ್ನು ಕ್ಷಮಿಸಿದ್ದೀರಾ ಎಂದು ಕೇಳಿದೆ. "ಸಿಟ್ಟು ಪೂರಾ ಹೋಗಿಲ್ರಿ. ಮಳಿಗಾಲದಾಗ ಕೈ ನೋಯ್ತದಲ್ಲ, ಆಗ ಬರ್ತದ. ಆದ್ರ ಸೈಕಲ್ ಇನ್ನೊಬ್ಬರ ಕೈಗೆ ಕೊಡಾಕ ಧೈರ್ಯ ಇಲ್ಲ." ಗಾದಿಲಿಂಗಪ್ಪ ತಲೆ ಎತ್ತಲಿಲ್ಲ. ಕಡ್ಡಿ ಬಿಗಿಯುತ್ತಲೇ ಇದ್ದ.

ಯುದ್ಧದ ವರ್ಷಗಳಲ್ಲಿ ಟಯರು ಸಿಗದಾದಾಗ ಅವನು ಹಳೆಯ ಟಯರಿಗೆ ಒಳಗಿನಿಂದ ಕ್ಯಾನ್ವಾಸು ಹೊಲಿದು ಜನರನ್ನು ಓಡಾಡಿಸಿದ. ಈಗ ಯುದ್ಧ ಮುಗಿದು, ಮಲ್ಲಾಪುರದ ಬಳಿ ಅಣೆಕಟ್ಟಿನ ಕೆಲಸ ಶುರುವಾಗಿ, ಊರಿಗೆ ಸೈಕಲ್ಲುಗಳು ಹರಿದುಬಂದಿವೆ. ದಿನಕ್ಕೆ ಹತ್ತು ಹನ್ನೆರಡು ಪಂಕ್ಚರು, ಮೂರು ನಾಲ್ಕು ಗಾಲಿ. ಹಂಪಿ ನೋಡಲು ಬಾಡಿಗೆ ಸೈಕಲ್ಲಿನಲ್ಲಿ ಹೋದವರು ಕಲ್ಲುದಾರಿಯಲ್ಲಿ ರಿಮ್ಮು ಬಗ್ಗಿಸಿಕೊಂಡು ಸಂಜೆ ಇವನ ಬಳಿಗೇ ಬರುತ್ತಾರೆ. ಬಂದವರು ಯಾರೇ ಇರಲಿ, ಮೊದಲು ಬಂದವರದು ಮೊದಲು. ಅಣೆಕಟ್ಟಿನ ಓವರ್‌ಸಿಯರರು ಅವಸರ ಮಾಡಿದರೂ, "ಈ ಅಜ್ಜಂದು ಮುಗೀಲ್ರಿ" ಎನ್ನುತ್ತಾನೆ.

ಇಷ್ಟೆಲ್ಲ ಆದ ಮೇಲೆ ಹೊಟ್ಟೆಕಿಚ್ಚು ಆರಿತೇ? ಕೇಳಿದ್ದಕ್ಕೆ ನಕ್ಕುಬಿಡುತ್ತಾನೆ. "ಎಲ್ಲಿ ಆರೈತ್ರಿ? ದಿನಾ ಸಂಜಿಗೆ ಅಂಗಡಿ ಮುಂದಿಂದನ ಮನಿಗೆ ಹೋಗ್ತೀನಿ. ಇನ್ನೊಂದು ದಾರಿ ಐತಿ, ಹತ್ರನೂ ಆಗ್ತೈತಿ. ಆದ್ರ ಅಲ್ಲಿಂದನ ಹೋಗ್ತೀನಿ. ಎಷ್ಟು ಮಂದಿ ನಿಂತಾರ, ಅಂವಾ ನಗಾಕತ್ತಾನೋ ಇಲ್ಲೋ, ನೋಡಬೇಕು ನನಗ."

ಹೋದ ತಿಂಗಳು ಒಂದು ಮಧ್ಯಾಹ್ನ ಗುಡ್ಡಪ್ಪನೇ ಮರದ ಕೆಳಗೆ ಬಂದ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಗಾಲಿ. ಅಣೆಕಟ್ಟಿನ ದೊಡ್ಡ ಎಂಜಿನಿಯರೊಬ್ಬರದು. ಅಂಗಡಿಯಲ್ಲಿ ಯಾರಿಂದಲೂ ಅದರ ಬೆಂಡು ತೆಗೆಯಲಾಗಿರಲಿಲ್ಲ. ಗುಡ್ಡಪ್ಪನ ಕಣ್ಣೂ ಈಗ ಮಂಜು. ಎಂಟು ವರ್ಷದಲ್ಲಿ ಇಬ್ಬರೂ ಮಾತಾಡಿರಲಿಲ್ಲ.

"ಅಣ್ಣಾ" ಎಂದ ಗುಡ್ಡಪ್ಪ.

ಗಾದಿಲಿಂಗಪ್ಪ ಅವನ ನಂತರ ಬಂದ ಇಬ್ಬರ ಕೆಲಸ ಮೊದಲು ಮಾಡಿದ. ತನ್ನ ನೇಮವನ್ನು ತಾನೇ ಮುರಿದ. ಗುಡ್ಡಪ್ಪ ಬಿಸಿಲಿನಲ್ಲಿ ನಿಂತೇ ಇದ್ದ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಭಾಳ ಸಮಾಧಾನ ಆಗಾಕತ್ತಿತ್ರಿ, ಸುಳ್ಳ್ಯಾಕ ಹೇಳ್ಲಿ. ಇನ್ನೊಂದು ಸ್ವಲ್ಪ ನಿಂದ್ರಲಿ, ಇನ್ನೊಂದು ಸ್ವಲ್ಪ ನಿಂದ್ರಲಿ ಅಂತ. ಆಮ್ಯಾಲ ಅವನ ಕಾಲು ನೋಡಿದೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಿದ್ದ. ಬಂಡ್ರಿ ಕಡೆ ಮಂದಿ ಆ ಅಂಗಡಿ ಮುಂದ ಹಂಗ ನಿಂತಿರ್ತಾರ. ನಾನೂ ಒಂದು ಅಂಗಡಿ ಇಟ್ಟೀನಿ, ಅದೂ ಅಂಥಾದ್ದ ಆತಲ್ಲ ಅನ್ನಿಸ್ತು. ಡಬ್ಬಿ ಸರಿಸಿ, ಕುಂದ್ರಪಾ ಅಂದೆ."

ಎರಡು ತಾಸು ಹಿಡಿಯಿತು. ಗಾಲಿ ಮುಗಿದಾಗ ಗಾದಿಲಿಂಗಪ್ಪ ಅಂಚಿನ ಪಕ್ಕಕ್ಕೆ ಉಗುರು ಹಿಡಿದು ತಿರುಗಿಸಿ ತೋರಿಸಿದ. ಉಗುರಿಗೂ ರಿಮ್ಮಿಗೂ ನಡುವಿನ ಬೆಳಕಿನ ಗೆರೆ ಒಂದೇ ಸಮ. ಗುಡ್ಡಪ್ಪ ಬಗ್ಗಿ, ಕಣ್ಣು ಹತ್ತಿರ ಒಯ್ದು ನೋಡಿದ. "ನನಗ ಇದು ಎಂದೂ ಬರಲಿಲ್ಲಣ್ಣಾ" ಎಂದ. ಮತ್ತೆ ಗಾಲಿಗೆ ಗೋಣಿಚೀಲ ಸುತ್ತಿಕೊಂಡು, ಯಾರೂ ನೋಡದಂತೆ ಸಂದಿಯ ದಾರಿ ಹಿಡಿದು ಹೋದ. ಆಮೇಲೆ ಎರಡು ಸಲ ಬಂದಿದ್ದಾನೆ, ಎರಡು ಸಲವೂ ಗೋಣಿಚೀಲದೊಂದಿಗೆ.

ಎಂಜಿನಿಯರು ಗುಡ್ಡಪ್ಪನ ಬೆನ್ನು ತಟ್ಟಿದ ಸುದ್ದಿ ಊರಿಗೆಲ್ಲ ಗೊತ್ತು. ಆ ಗಾಲಿ ನೇರ ಮಾಡಿದ್ದು ಯಾರೆಂದು ನೀನು ಯಾರಿಗಾದರೂ ಹೇಳಿದೆಯಾ ಎಂದು ಕೇಳುತ್ತೇನೆ.

"ಇಲ್ರೀ. ನಾ ಹೇಳಿದ್ರ ಅದು ಹೊಟ್ಟಿಕಿಚ್ಚಿನ ಮಾತು ಅಂತಾರ. ಖರೇನ ಅದು ಹೊಟ್ಟಿಕಿಚ್ಚಿನ ಮಾತ." ಅವನು ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾನೆ. ರಸ್ತೆಯ ತುದಿಯಲ್ಲಿ ಸ್ಟೇಷನ್ನಿನ ಗಂಟೆ ಬಾರಿಸುತ್ತದೆ. "ನನಗ ದೊಡ್ಡ ಆಸಿ ಏನಿಲ್ರಿ. ಬೀರು ಬ್ಯಾಡ, ಬೆಂಚು ಬ್ಯಾಡ. ಎಂದಾರ ಒಂದು ದಿನ ಆ ಅಂಗಡಿ ಮುಂದ ಯಾರಾರ ನಿಂತು, ಈ ಗಾಲಿ ಯಾರು ಮಾಡಿದ್ರು ಅಂತ ಕೇಳಬೇಕು. ಗುಡ್ಡಪ್ಪ ತನ್ನ ಬಾಯಿಲೆ ನನ್ನ ಹೆಸರು ಹೇಳಬೇಕು. ಮೆತ್ತಗ ಹೇಳಿದ್ರೂ ನಡೀತೈತಿ. ನಾ ದಿನಾ ಆ ದಾರೀಲೆ ಹೋಗ್ತೀನಲ್ಲ, ಕೇಳಿಸ್ತೈತಿ."