ಕೆಮ್ಮಬಾರದ ದೂಳಪ್ಪ

ದೂಳಪ್ಪನವರಿಗೆ ಗಟ್ಟಿ ಎದೆ ಇಲ್ಲ. ದೂಳು ಹಾರಿಸುವುದು ಬಿಟ್ಟರೆ ಬೇರೆ ಕೆಲಸವೂ ಇಲ್ಲ.

ಬೆಳಕು ಈಗಷ್ಟೇ ಹರಿಯುತ್ತಿದೆ. ಶೂಟಿಂಗಿಗೆಂದು ಹಲಗೆಯಲ್ಲಿ ಕಟ್ಟಿದ ಊರು, ಅದಕ್ಕೊಂದೇ ಬೀದಿ. ಮನೆಗಳಿಗೆಲ್ಲ ಮುಂಭಾಗ ಇದೆ, ಹಿಂದೆ ಏನೂ ಇಲ್ಲ. ಅಂಥದೊಂದು ಮನೆಯ ಹಿಂದೆ ಅವರು ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಜರಡಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಸೋಸಿದ ಮಣ್ಣಿನ ಮೂಟೆ. ಬೀದಿಯ ಎರಡು ತುದಿಗಳಲ್ಲಿ ಕತ್ತಿ ಕಟ್ಟಿಕೊಂಡ ಇಬ್ಬರು ನಟರು ಎದುರುಬದುರು ನಿಂತಿದ್ದಾರೆ.

ಇದು ಚೀನಾದ ಕತ್ತಿವರಸೆಯ ಸಿನಿಮಾ. ಆದರೆ ನಿರ್ದೇಶಕರಿಗೆ ಕೌಬಾಯ್ ಚಿತ್ರಗಳ ಹುಚ್ಚು. ಅಗಲ ಟೋಪಿ, ಕುದುರೆ, ಬಿಕೋ ಎನ್ನುವ ಬೀದಿ, ಎಲ್ಲ ಇದೆ. ಹೊಡೆದಾಟ ಮಾತ್ರ ಬೇಗ ಶುರುವಾಗುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ಅಷ್ಟೊತ್ತಿಗೆ ನಮ್ಮನೇಲಿ ಜಗಳ ಆಗಿ, ರಾಜಿನೂ ಆಗಿ, ಇನ್ನೊಂದು ಜಗಳ ಶುರುವಾಗಿರುತ್ತೆ," ಎನ್ನುತ್ತಾರೆ ದೂಳಪ್ಪ. ಆ ಹೆಸರು ಸೆಟ್ಟಿನವರು ಇಟ್ಟದ್ದು. ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾರಂತೆ.

ಬೇರೆ ಸಿನಿಮಾಗಳಲ್ಲಿ ದೊಡ್ಡ ಫ್ಯಾನು ತಿರುಗಿಸಿದರೆ ದೂಳು ತಾನಾಗಿ ಏಳುತ್ತದೆ. ಇಲ್ಲಿ ಸದ್ದನ್ನೂ ಸ್ಥಳದಲ್ಲೇ ಹಿಡಿಯುವುದರಿಂದ ಫ್ಯಾನು ಗುರ್ ಎನ್ನುವಂತಿಲ್ಲ. ಮುಂಜಾನೆಯ ಮೆಲುಗಾಳಿಗೆ ಕೈಯಲ್ಲೇ ಜರಡಿ ಆಡಿಸಬೇಕು. ದೂಳು ನಟರ ಮೊಣಕಾಲಿನವರೆಗೆ ತೆವಳಬೇಕು, ಮುಖಕ್ಕೆ ಏರಬಾರದು. ಬಿಸಿಲು ನೆತ್ತಿಯತ್ತ ಹೊರಟರೆ ದೂಳು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಾಗಾಗಿ ದಿನಕ್ಕೆ ಒಂದೇ ಸಲ ಅವಕಾಶ.

ಮೊದಲು ಅವರು ಸೆಟ್ಟಿನ ಬಡಗಿ. ದೂಳಿನವನು ಕೈಕೊಟ್ಟ ಒಂದು ದಿನ ಯಾರೋ ಜರಡಿ ಹಿಡಿಸಿದರು. ಉಳಿ ಮತ್ತೆ ಕೈಗೆ ಬರಲಿಲ್ಲ. ಈಗ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ದಿಂಬು ಒರಗಿಸಿ, ಕೂತೇ ನಿದ್ದೆ ಮಾಡುತ್ತಾರೆ. "ಆಗೆಲ್ಲ ಗೊರಕೆ ಹೊಡೀತಿದ್ರು, ಬೈತಿದ್ದೆ. ಈಗ ಆ ಗೊರಕೆನಾದ್ರೂ ಬರಬಾರದಾ ಅನ್ಸುತ್ತೆ," ಎನ್ನುತ್ತಾರೆ ಹೆಂಡತಿ, ಅವರ ಅಂಗಿ ಕೊಡವುತ್ತ.

ನಿನ್ನೆ, ಮೊನ್ನೆ ಎರಡೂ ದಿನ ಶಾಟ್ ಕೆಟ್ಟದ್ದು ಅವರ ಕೆಮ್ಮಿನಿಂದ. ಶೂಟಿಂಗಿನ ಮ್ಯಾನೇಜರು ರೇಗಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಮನೇಲೇ ಕೂತು ನೆಮ್ಮದಿಯಾಗಿ ಕೆಮ್ಕೊಳ್ಳಿ," ಎಂದರು, ಅಷ್ಟೆ.

ಕ್ಯಾಮೆರಾ ಓಡತೊಡಗುತ್ತದೆ. ಜರಡಿ ಆಡುತ್ತದೆ. ದೂಳು, ಹೇಳಿದ ಮಾತು ಕೇಳಿದಂತೆ, ನೆಲ ಹಿಡಿದು ಸಾಗುತ್ತದೆ. ಕೆಮ್ಮು ಎದೆಯಿಂದ ಗಂಟಲಿಗೆ ಬರುತ್ತದೆ. ದೂಳಪ್ಪ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚುತ್ತಾರೆ. ಕಣ್ಣಲ್ಲಿ ನೀರು ಇಳಿಯುತ್ತದೆ. ಕೈ ಮಾತ್ರ ನಿಲ್ಲುವುದಿಲ್ಲ. ಅತ್ತ ಹಿರಿಯ ನಟನ ಕೈ ನಿಧಾನಕ್ಕೆ ಕತ್ತಿಯ ಹಿಡಿಯತ್ತ ಹೋಗುತ್ತದೆ.

ಆಗ ಕೆಮ್ಮು ಕೇಳಿಸುತ್ತದೆ.

ಎಲ್ಲರೂ ಹಲಗೆ ಮನೆಯತ್ತ ತಿರುಗುತ್ತಾರೆ. ಮ್ಯಾನೇಜರು ದಾಪುಗಾಲು ಹಾಕಿ ಬಂದು ನೋಡಿದರೆ ದೂಳಪ್ಪನವರ ಬಾಯಲ್ಲಿ ಕಚ್ಚಿದ ಬಟ್ಟೆ ಹಾಗೇ ಇದೆ. ಬೀದಿಯಲ್ಲಿ ಹಿರಿಯ ನಟ ಟೋಪಿ ಕಳಚಿ, ಬಗ್ಗಿ ಕೆಮ್ಮುತ್ತಿದ್ದಾರೆ. ಒಬ್ಬರು ಬಿಸಿನೀರು ತಂದರೆ ಇನ್ನೊಬ್ಬರು ಬೆನ್ನು ಸವರುತ್ತಾರೆ. ನಿರ್ದೇಶಕರು ಅವರ ಕ್ಷಮೆ ಕೇಳುತ್ತಾರೆ.

ಮ್ಯಾನೇಜರು "ನಾಳೆ ಬನ್ನಿ," ಎಂದು ಹೊರಡುತ್ತಾರೆ. ದೂಳಪ್ಪ ಆಗ ಬಟ್ಟೆ ಬಿಚ್ಚಿ, ಗೋಡೆ ಹಿಡಿದು, ಮನಸಾರೆ ಕೆಮ್ಮುತ್ತಾರೆ.

ಸಿನಿಮಾ ಬಿಡುಗಡೆಯಾದರೆ ಥಿಯೇಟರಿಗೇ ಹೋಗಿ ನೋಡುವ ಆಸೆ ಅವರದು. "ಅಲ್ಲಿ ಎಷ್ಟು ಕೆಮ್ಮಿದ್ರೂ ಯಾರೂ ಕಟ್ ಅನ್ನಲ್ಲ," ಎನ್ನುತ್ತಾ ಜರಡಿ ಬಡಿದು ಎತ್ತಿಡುತ್ತಾರೆ.

ಇಂದು ಹೋದದ್ದು ಒಂದು ಮುಂಜಾನೆ, ಅರ್ಧ ಮೂಟೆ ಮಣ್ಣು, ಮತ್ತು ಬಟ್ಟೆ ಬಿಚ್ಚಿದಾಗ ಅದರೊಂದಿಗೇ ಬಂದ, ಮೊದಲೇ ಅಲ್ಲಾಡುತ್ತಿದ್ದ ದೂಳಪ್ಪನವರ ಒಂದು ಹಲ್ಲು.