ಪಥ್ಯದಲ್ಲಿ ಬಿಟ್ಟ ಮಾತು

ವೈದ್ಯರು ಹೇಳಿದ್ದೆಲ್ಲವನ್ನೂ ಅಕ್ಕನಿಗೆ ಹೇಳಿದೆ, ಒಂದು ಮಾತನ್ನು ಬಿಟ್ಟು. ಇವತ್ತು ಪಕ್ಕದ ಮನೆಯಲ್ಲಿ ಯಾರೋ ಕಷಾಯ ಕುದಿಸುತ್ತಿದ್ದಾರೆ. ಆ ಕಹಿ ವಾಸನೆಗೆ ಎಲ್ಲ ನೆನಪಾಯಿತು.

ಆಗ ವಿಜಯನಗರದಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ನಾನೂ ಅಕ್ಕನೂ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದೆವು. ಅಕ್ಕನಿಗೆ ಥೈರಾಯ್ಡ್ ಕಡಿಮೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಜೀವನಪೂರ್ತಿ ನುಂಗಬೇಕಂತೆ. ವಾಸಿಯೇ ಮಾಡದಿದ್ದ ಮೇಲೆ ಅದೆಂಥ ಔಷಧ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ತರ್ಕ, ನೋಡಿ! ಅಕ್ಕನನ್ನು ತಮಿಳರ ಸಿದ್ಧ ಪದ್ಧತಿಯಲ್ಲಿ ಗಿಡಮೂಲಿಕೆ ಕೊಡುವ ವೈದ್ಯರೊಬ್ಬರ ಹತ್ತಿರ ಎಳೆದುಕೊಂಡು ಹೋದೆ. ನಾಡಿ ನೋಡಿದರು. ಅಕ್ಕ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ, ಕಷಾಯಕ್ಕೆಂದು ಬಸವನಪಾದದ ಮರದ ತೊಗಟೆಯ ಪುಡಿಯನ್ನು ಪೊಟ್ಟಣ ಕಟ್ಟುತ್ತಾ ನನಗೆ ಹೇಳಿದರು: "ಹುಳಿ ಬೇಡಮ್ಮ, ಎಲೆಕೋಸು ಬೇಡ. ಡಾಕ್ಟರ್ ಮಾತ್ರೆ ಮಾತ್ರ ನಿಲ್ಲಿಸ್ಬಾರ್ದು. ಅದು ಬೆಳಗ್ಗೆ, ಕಷಾಯ ಸಾಯಂಕಾಲ."

ನಮ್ಮವ್ವ ನಾಟಿ ಔಷಧ ಕೊಟ್ಟಾಗ ಬೇರೆ ಔಷಧ ಮುಟ್ಟಲು ಬಿಡುತ್ತಿರಲಿಲ್ಲ. ಗುಣ ಹೋಗುತ್ತದೆ ಎನ್ನುತ್ತಿದ್ದಳು. ವೈದ್ಯರು ಡಾಕ್ಟರಿಗೆ ಹೆದರಿ ಹಾಗೆ ಹೇಳಿದರೆಂದುಕೊಂಡೆ. ಹುಳಿ, ಎಲೆಕೋಸಿನ ಜೊತೆ ಮಾತ್ರೆಯೂ ಬೇಡವಂತೆ ಎಂದು ಅಕ್ಕನ ಪಥ್ಯಕ್ಕೆ ಸೇರಿಸಿಬಿಟ್ಟೆ.

"ಏನೇ ಇದು ಸಾರು? ಬಿಸಿನೀರಿಗೆ ಬೇಳೆ ಹಾಕಿದ್ಯಾ?"

"ವಾಸಿ ಆಗ್ಬೇಕಾ ಬೇಡ್ವಾ? ಸುಮ್ನೆ ಉಣ್ಣು."

ಪಾಪ, ಉಂಡಳು. ಮೊದಮೊದಲು ಮೈ ಹಗುರ ಎಂದಳು. ಆಮೇಲೆ ಮುಖ ಊದಿತು, ದನಿ ದಪ್ಪವಾಯಿತು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಸೂಜಿ ಹಿಡಿದೇ ನಿದ್ದೆ ಹೋಗುತ್ತಿದ್ದಳು. ಸೋಂಬೇರಿ ಎಂದು ಬೈದೆ. ಒಂದು ದಿನ ಬಚ್ಚಲಲ್ಲಿ ಕುಸಿದು ಬಿದ್ದಳು.

"ಮಾತ್ರೆ ಯಾಕಮ್ಮಾ ಬಿಟ್ರಿ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ವೈದ್ಯರು ಬೇಡ ಅಂದಿದ್ರು ಸಾರ್," ಎಂದಳು ಅಕ್ಕ. ನಾನು ಪಕ್ಕದಲ್ಲೇ ನಿಂತಿದ್ದೆ.

ಮಾತ್ರೆ ಮತ್ತೆ ಶುರುವಾದ ಮೇಲೆ ನಿಧಾನವಾಗಿ ಚೇತರಿಸಿಕೊಂಡಳು. ಕಷಾಯದಿಂದ ಏನಾದರೂ ಗುಣವಿತ್ತೋ, ಆ ಹಗುರ ಬರೀ ನಂಬಿಕೆಯದೋ, ನನಗೆ ಇವತ್ತಿಗೂ ತಿಳಿಯದು. ಅವ್ವ ಹೇಳಿದ್ದು ಪೂರ್ತಿ ಸುಳ್ಳೇ? ಅದೂ ತಿಳಿಯದು. ತಿಳಿದವರಾದ ಡಾಕ್ಟರೂ ವೈದ್ಯರೂ ಒಂದೇ ಮಾತು ಹೇಳಿದ್ದಾಗ ನಾನೇಕೆ ಮೂರನೆಯವಳಾಗಿ ತಲೆ ಹಾಕಿದೆನೋ!

ಇವತ್ತು ಇಷ್ಟೆಲ್ಲ ಯೋಚಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ಫಾಲ್ಸಿಗೆ ಸೀರೆ ಕೊಡಲು ಬಂದ ಹೆಂಗಸು ತನಗೂ ಥೈರಾಯ್ಡ್ ಎಂದು ಅಕ್ಕನ ಹತ್ತಿರ ಹೇಳಿಕೊಂಡಳು.

"ಆ ಸಿದ್ಧ ವೈದ್ಯರ ಹತ್ರ ಮಾತ್ರ ಹೋಗ್ಬೇಡಿ ಆಂಟಿ," ಎಂದಳು ಅಕ್ಕ. "ಮಾತ್ರೆ ಬಿಡ್ಸಿ ನನ್ನ ಸಾಯಿಸೇಬಿಡ್ತಿದ್ರು."

ಆಂಟಿ ಹೋಗಲಿ ಎಂದು ನಾನು ಕಾಯಲಿಲ್ಲ.

"ಬಿಡ್ಸಿದ್ದು ಅವರಲ್ಲಕ್ಕ, ನಾನು. ನಿಲ್ಲಿಸ್ಬಾರ್ದು ಅಂತ್ಲೇ ಅವರು ಹೇಳಿದ್ರು. ನಿಂಗೆ ಹೇಳ್ಲಿಲ್ಲ. ತಪ್ಪಾಯ್ತಕ್ಕ, ನನ್ನ ಕ್ಷಮಿಸು."